ಮುಚ್ಚಳದ ದಾರ

ಮೋಡ ಬರಬಹುದಿತ್ತು. ಮೋಡ ಬರದಿದ್ದರೆ ಧೂಳು ಏಳಬಹುದಿತ್ತು; ಮಾರ್ಚ್ ತಿಂಗಳ ಕೊನೆ, ಒಂದು ಸುಳಿಗಾಳಿ ಸಾಕು. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಬಸ್ಸು ನಡುದಾರಿಯಲ್ಲಿ ಕೆಡಬಹುದಿತ್ತು. ಕೆಡದಿದ್ದರೆ ಕಂಡಕ್ಟರು ನಮ್ಮ ಮರದ ಪೆಟ್ಟಿಗೆಯನ್ನು ನೋಡಿ "ಮ್ಯಾಲೆ ಹಾಕ್ರಿ" ಎನ್ನಬಹುದಿತ್ತು, ಮೇಲೆ ಹಾಕಿದ ಪೆಟ್ಟಿಗೆಯ ಮೇಲೆ ಯಾರಾದರೂ ಮೆಣಸಿನಕಾಯಿ ಚೀಲ ಒಗೆಯಬಹುದಿತ್ತು. ಬ್ಯಾಟರಿಯ ಆಸಿಡ್ ಚೆಲ್ಲಿ ಮೇಷ್ಟ್ರ ಪಂಚೆ ಸುಡಬಹುದಿತ್ತು. ಬೆಳಕು ಸೋಸುವ ಗಾಜಿನ ಮೇಲೆ ನನ್ನ ಹೆಬ್ಬೆರಳಿನ ಗುರುತು ಬೀಳಬಹುದಿತ್ತು. ಹೊಳೆ ಕಡೆಯಿಂದ ತೇವದ ಗಾಳಿ ಬೀಸಿ ಅದೇ ಗಾಜು ಮಬ್ಬಾಗಬಹುದಿತ್ತು. ಸಾಹೇಬರ ಮನೆಯ ಪಾರಿವಾಳಗಳು ಕೊಳವೆಯ ಬಾಯೊಳಗೆ ಸಂಸಾರ ಹೂಡಬಹುದಿತ್ತು. ಗಡಿಯಾರ ನಿಲ್ಲಬಹುದಿತ್ತು. ಮೇಷ್ಟ್ರಿಗೆ ತಲೆ ಸುತ್ತು ಬರಬಹುದಿತ್ತು. ನನಗೆ ಸೀನು ಬರಬಹುದಿತ್ತು. ಎಲ್ಲಿಂದಲೋ ಬಂದು ಒಂದು ದೀಪ ಹತ್ತಬಹುದಿತ್ತು.

ಇವನ್ನೆಲ್ಲ ಒಂದು ಹಾಳೆಯ ಎರಡೂ ಮಗ್ಗುಲಿಗೆ ಬರೆದಿಟ್ಟುಕೊಂಡಿದ್ದೆ. ಪ್ರತಿಯೊಂದರ ಎದುರಿಗೂ ಪರಿಹಾರ ಬರೆದಿದ್ದೆ. ಸೀನಿಗೆ ಅಮೃತಾಂಜನ, ಪಾರಿವಾಳಕ್ಕೆ ಗೋಣಿಚೀಲ, ಕಂಡಕ್ಟರಿಗೆ ಪೆಟ್ಟಿಗೆಯ ಪಾಲಿನದೊಂದು ಟಿಕೇಟು. ಈಗ ನನಗೆ ಐವತ್ತು ದಾಟಿದೆ. ಚಿಂತೆ ಮಾಡುವುದು ನನ್ನ ಸ್ವಭಾವವೆಂದು ಹೆಂಡತಿ ಹೇಳುತ್ತಾಳೆ; ನಾನು ಅದನ್ನು ಮುಂದಾಲೋಚನೆ ಎಂದು ಕರೆದುಕೊಂಡು ಬಂದಿದ್ದೇನೆ. ಆ ಹಾಳೆಯಲ್ಲಿ ಇಲ್ಲದ್ದು ಒಂದೇ ಒಂದು.

ಎಂಬತ್ತರ ದಶಕದ ಆರಂಭ. ದಾವಣಗೆರೆಯ ಕಾಲೇಜೊಂದರ ಭೌತಶಾಸ್ತ್ರ ವಿಭಾಗದಲ್ಲಿ ನಾನು ಡೆಮಾನ್‌ಸ್ಟ್ರೇಟರ್ ಆಗಿದ್ದೆ. ವಿಭಾಗದ ಹಿರಿಯರನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಪ್ರೊಫೆಸರ್ ಎಂಬ ಪದ ಅವರ ಮೈಗೆ ಹೊಂದುತ್ತಿರಲಿಲ್ಲ. ಪಂಚೆ, ಮೊಣಕೈ ತನಕ ಮಡಚಿದ ತೋಳು, ಜೇಬಿನಲ್ಲಿ ಸದಾ ಒಂದು ಪೆನ್ಸಿಲ್. ಹದಿನಾಲ್ಕು ವರ್ಷಗಳಿಂದ, ಮಳೆಗಾಲ ಬಿಟ್ಟು, ಚಂದ್ರನಿಲ್ಲದ ಪ್ರತಿ ಸಂಜೆ ಅವರು ಕಾಲೇಜಿನ ತಾರಸಿ ಹತ್ತುತ್ತಿದ್ದರು. ಮೊದಲ ಒಂಬತ್ತು ವರ್ಷ ಒಬ್ಬರೇ. ಕೊನೆಯ ಐದು ವರ್ಷ ಹಿಂದೆ ನಾನು, ಬ್ಯಾಟರಿ ಹೊತ್ತುಕೊಂಡು.

ಅವರು ನೋಡುತ್ತಿದ್ದದ್ದು ಸೋಡಿಯಮನ್ನು. ನಾವು ತಿನ್ನುವ ಉಪ್ಪಿನೊಳಗಿರುವ ಅದೇ ಲೋಹ. ಬೀಳುವ ಉಲ್ಕೆಗಳು ಆಕಾಶದಲ್ಲಿ ಉರಿದು ಹೋಗುತ್ತವಲ್ಲ, ಅವುಗಳ ಧೂಳಿನಿಂದ ಬಿಡಿಬಿಡಿಯಾದ ಲೋಹದ ಪರಮಾಣುಗಳು ನೆಲದಿಂದ ತೊಂಬತ್ತು ಕಿಲೋಮೀಟರ್ ಎತ್ತರದಲ್ಲಿ ಒಂದು ತೆಳು ಪದರವಾಗಿ ನಿಂತಿರುತ್ತವೆ. ಎಷ್ಟು ತೆಳುವೆಂದರೆ, ಭೂಮಿಯ ಸುತ್ತಲಿನ ಆ ಸೋಡಿಯಮನ್ನೆಲ್ಲ ಗುಡಿಸಿ ತಂದರೂ ಒಂದು ಲಾರಿಗೆ ತುಂಬು ಲೋಡಾಗುವುದಿಲ್ಲ. ಸೂರ್ಯ ನಮಗೆ ಮುಳುಗಿದ ಮೇಲೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ. ಆ ಬಿಸಿಲಿಗೆ ಸೋಡಿಯಂ ತನ್ನದೇ ಹಳದಿಯಲ್ಲಿ ಮಿನುಗುತ್ತದೆ. ನೆಲದ ನೆರಳು ಮೇಲೇರಿ ಆ ಪದರವನ್ನು ನುಂಗುವ ತನಕ, ಅಂದರೆ ಸೂರ್ಯ ಮುಳುಗಿದ ಇಪ್ಪತ್ತೈದನೇ ನಿಮಿಷದಿಂದ ಸುಮಾರು ನಲವತ್ತನೇ ನಿಮಿಷದವರೆಗೆ, ಅದನ್ನು ಅಳೆಯಬಹುದು. ದಿನಕ್ಕೆ ಹದಿನೈದು ನಿಮಿಷ. ಕಣ್ಣಿಗೆ ಏನೂ ಕಾಣುವುದಿಲ್ಲ. ಅಳೆಯಲು ಒಂದು ಟ್ಯೂಬು ಬೇಕು: ಒಂದು ಹನಿ ಬೆಳಕು ಬಿದ್ದರೂ ಅದನ್ನು ಲಕ್ಷಪಟ್ಟು ಮಾಡಿ ವಿದ್ಯುತ್ತಾಗಿ ಕೊಡುವ ಗಾಜಿನ ಟ್ಯೂಬು. ಸಾವಿರ ವೋಲ್ಟಿನ ಮೇಲೆ ಅದು ಎಚ್ಚರವಾಗಿರುತ್ತದೆ. ಹಾಗೆ ಎಚ್ಚರವಿರುವಾಗ ಅದರ ಬಾಯಿಗೆ ಸಾಧಾರಣ ಬೆಳಕು ಬಿದ್ದರೆ ಅದರ ಕಣ್ಣು ಹೋಗುತ್ತದೆ.

ಮೇಷ್ಟ್ರ ಬಳಿ ಇದ್ದದ್ದು ಒಂದೇ ಟ್ಯೂಬು. ಹದಿನಾಲ್ಕು ವರ್ಷವೂ ಅದೊಂದೇ.

ತಾರಸಿಯಿಂದ ಕೆಳಗಿನ ಬೀದಿ ಕಾಣುತ್ತಿತ್ತು. ನಾವು ಆ ಟ್ಯೂಬು ಕೂರಿಸಿದ ಕೊಳವೆಯನ್ನು ಪಡುವಣಕ್ಕೆ ತಿರುಗಿಸಿ ಕಾಯುವ ಹೊತ್ತೂ ಊರು ದೀಪ ಹಚ್ಚುವ ಹೊತ್ತೂ ಒಂದೇ. ಸ್ವಿಚ್ಚು ಒತ್ತಿದ ಕಿರಾಣಿ ಅಂಗಡಿಯವನು ಬಲ್ಬಿಗೆ ಕೈ ಮುಗಿದು ಗಲ್ಲಾ ಪೆಟ್ಟಿಗೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ದೂರದಲ್ಲಿ ಮಂಡಕ್ಕಿ ಭಟ್ಟಿಗಳ ಹೊಗೆ. ಉಪ್ಪುನೀರು ಹಾಕಿದ ಅಕ್ಕಿ ಹುರಿಯುವಾಗ ಅಲ್ಲಿನ ಬೆಂಕಿಗೆ ಹನಿ ಸಿಡಿದು ಉರಿ ಒಮ್ಮೊಮ್ಮೆ ಹಳದಿಯಾಗುತ್ತಿತ್ತು. ಮೇಷ್ಟ್ರು ಅದನ್ನು ತೋರಿಸಿ, "ನೋಡಪಾ, ನಮ್ಮೂರಾಗ ಸೋಡಿಯಂ ಕೆಳಗೂ ಐತೆ, ಮ್ಯಾಲೂ ಐತೆ. ನಡುವೆ ನಾವಿಬ್ರು" ಎನ್ನುತ್ತಿದ್ದರು. ಆಮೇಲೆ ಟಾರ್ಚಿಗೆ ಕಟ್ಟಿದ ಕೆಂಪು ಕಾಗದದ ಬೆಳಕಿನಲ್ಲಿ, ಟ್ಯೂಬಿನ ವಿದ್ಯುತ್ತನ್ನು ಅಳೆಯುವ ಗ್ಯಾಲ್ವನೋಮೀಟರಿನ ಬೆಳಕಿನ ಚುಕ್ಕೆ ಎಷ್ಟನೇ ಗೆರೆಯ ಮೇಲೆ ನಿಂತಿದೆ ನೋಡಿ ನೋಟ್‌ಬುಕ್ಕಿಗೆ ಬರೆಯುತ್ತಿದ್ದರು. ವರ್ಷಕ್ಕೊಂದರಂತೆ ಹದಿನಾಲ್ಕು ನೋಟ್‌ಬುಕ್ಕುಗಳು.

ಅವರ ಕಷ್ಟವಿದ್ದದ್ದು ಆ ಗೆರೆಗಳಲ್ಲಿ. ಇವತ್ತು ಎಂಬತ್ತು ಗೆರೆ, ನಾಳೆ ಎಪ್ಪತ್ತು ಗೆರೆ ಎಂದರೆ ನಿನ್ನೆಗಿಂತ ಕಡಿಮೆ ಎಂದು ಗೊತ್ತಾಗುತ್ತಿತ್ತೇ ಹೊರತು ಮೇಲೆ ನಿಜವಾಗಿ ಎಷ್ಟು ಸೋಡಿಯಂ ಇದೆ ಎಂಬುದು ಗೊತ್ತಾಗುತ್ತಿರಲಿಲ್ಲ. ಕಲ್ಲಿಲ್ಲದ ತಕ್ಕಡಿ. ಅವರು ಎಲ್ಲಿಗೇ ಪತ್ರ ಬರೆದರೂ ಇದೇ ಪ್ರಶ್ನೆ ಬರುತ್ತಿತ್ತು: ನಿಮ್ಮ ಒಂದು ಗೆರೆ ಅಂದರೆ ಎಷ್ಟು ಪರಮಾಣು?

ಆ ಕಲ್ಲು ಇದ್ದದ್ದು ಲೈಡಾರ್ ಎಂಬ ಯಂತ್ರದ ಹತ್ತಿರ. ದೂರದ ಕಡಲತೀರದ ಸಂಶೋಧನಾ ಸಂಸ್ಥೆಯೊಂದು ಅದನ್ನು ಕಟ್ಟಿತ್ತು. ಮೇಷ್ಟ್ರು ನನ್ನನ್ನೂ ಕರೆದುಕೊಂಡು ಎರಡು ರೈಲು ಬದಲಿಸಿ ನೋಡಲು ಹೋದರು. ಕತ್ತಲಾದ ಮೇಲೆ ಒಂದು ಕೋಣೆಯ ಸೂರಿನ ಕಿಂಡಿಯಿಂದ ಹಳದಿ ಬೆಳಕಿನ ಕಡ್ಡಿಯೊಂದು ಆಕಾಶಕ್ಕೆ ಚುಚ್ಚಿಕೊಂಡು ಹೋಯಿತು, ಮತ್ತೆ ಹೋಯಿತು. ಸರಿಯಾಗಿ ಸೋಡಿಯಮ್ಮಿನ ಹಳದಿಗೇ ಕೂಡಿಸಿದ ಲೇಸರ್. ಹೋದ ಬೆಳಕಿನಲ್ಲಿ ಲೆಕ್ಕಕ್ಕೆ ಸಿಗುವಷ್ಟೇ ಕೆಲವು ಕಣಗಳು ಮೇಲಿನ ಪರಮಾಣುಗಳಿಗೆ ತಾಗಿ ಮರಳುತ್ತವೆ. ಹೋಗಿ ಬರಲು ಹಿಡಿದ ಸಮಯದಿಂದ ಎತ್ತರ ಗೊತ್ತಾಗುತ್ತದೆ, ಬಂದವುಗಳ ಎಣಿಕೆಯಿಂದ ಎಷ್ಟಿದೆ ಎಂಬುದು. ನಮ್ಮಂತೆ ಅಂದಾಜಿಲ್ಲ. ಅಲ್ಲಿನ ವಿಜ್ಞಾನಿ ಒಂದು ಹಾಳೆ ತಂದು ತೋರಿಸಿದರು. ತೊಂಬತ್ತು ಕಿಲೋಮೀಟರ್ ಬಳಿ ಗೆರೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಮೇಷ್ಟ್ರು ಆ ಉಬ್ಬಿನ ಮೇಲೆ ಬೆರಳಾಡಿಸಿದರು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವಂತೆ. ಆಮೇಲೆ, "ಇದ್ಯಲ್ಲಪಾ" ಎಂದರು. ಅಷ್ಟೇ.

ಆ ವಿಜ್ಞಾನಿ ಒಳ್ಳೆಯವರು. ಮೂರು ಸಂಜೆ ಹೇಳಿದರು, ಮಾರ್ಚ್ ಕೊನೆಯ ವಾರದಲ್ಲಿ. ಆ ಮೂರರಲ್ಲಿ ಯಾವುದಾದರೂ ಒಂದು ಸಂಜೆ ಇಬ್ಬರ ಕಡೆಯೂ ಆಕಾಶ ತಿಳಿಯಾಗಿದ್ದು, ಕತ್ತಲಾಗುತ್ತಲೇ ಅವರು ಲೈಡಾರ್ ಹಾರಿಸಿ, ಅದಕ್ಕೆ ಮುಂಚಿನ ಹದಿನೈದು ನಿಮಿಷ ನಾವು ಅಳೆದರೆ, ನಮ್ಮ ಗೆರೆಗೊಂದು ಬೆಲೆ ಸಿಗುತ್ತದೆ. ಎರಡು ಊರುಗಳ ಆಕಾಶ ಒಂದೇ ಅಲ್ಲವಲ್ಲ ಎಂದು ನಾನು ಚಿಂತಿಸಿದೆ. "ಅಷ್ಟು ಹೆಚ್ಚುಕಮ್ಮಿ ನಾನು ತಾಳ್ಕೊಂತೀನಿ" ಎಂದರು ಮೇಷ್ಟ್ರು. ಒಂದು ಸಂಜೆ ಸಿಕ್ಕರೆ ಹದಿನಾಲ್ಕು ವರ್ಷದ ಸಂಜೆಗಳಿಗೆಲ್ಲ ಅರ್ಥ ಬರುತ್ತಿತ್ತು. ಯಾಕೆಂದರೆ ಎಲ್ಲವನ್ನೂ ನೋಡಿದ್ದು ಅದೊಂದೇ ಟ್ಯೂಬು. ಮಾರ್ಚ್ ಮೂವತ್ತೊಂದಕ್ಕೆ ಅವರು ನಿವೃತ್ತರಾಗುವವರಿದ್ದರು. ತಾರಸಿಯ ಬೀಗದ ಕೈ ಹಿಂದಿರುಗಿಸಬೇಕಿತ್ತು.

ಅಷ್ಟರಲ್ಲಿ ಆ ವರ್ಷ ಹೆದ್ದಾರಿಗೆ ಹೊಸ ಹಳದಿ ದೀಪಗಳು ಬಂದವು. ಸೋಡಿಯಂ ದೀಪಗಳು. ಊರೆಲ್ಲ ಮದುವೆ ಮನೆಯಂತೆ ಹೊಳೆಯಿತು; ನಮ್ಮ ಗ್ಯಾಲ್ವನೋಮೀಟರಿನ ಚುಕ್ಕೆ ಮಾಪಕದ ಕೊನೆಗೆ ಹೋಗಿ ಕುಳಿತಿತು. ಕತ್ತಲು ಹುಡುಕಿಕೊಂಡು ನಾವು ಹರಿಹರಕ್ಕೆ ಹೋಗಬೇಕಾಯಿತು.

ಹರಿಹರದಲ್ಲಿ ನಮಗೆ ಗೊತ್ತಿದ್ದವರು ಲೇತ್ ಸಾಹೇಬರು. ಕೊಳವೆಯ ಕೀಲುಗಳನ್ನೆಲ್ಲ ಕಡೆದುಕೊಟ್ಟವರು ಅವರೇ. ಊರಿನ ಅಂಚಿನಲ್ಲಿ, ಹೊಳೆ ದಂಡೆಯ ಕಡೆ, ಕೆಳಗೆ ಲೇತ್ ಅಂಗಡಿ, ಮೇಲೆ ಮನೆ, ಅದರ ಮೇಲೆ ತಾರಸಿ. ಗಡ್ಡದಲ್ಲಿ ಸದಾ ಒಂದೆರಡು ಹಿತ್ತಾಳೆ ಪುಡಿ ಮಿನುಗುತ್ತಿತ್ತು. ಮೇಷ್ಟ್ರು ಅವರಿಗೆ ಎಲ್ಲವನ್ನೂ ವಿವರಿಸಿದರು.

"ಅಲ್ಲ ಮೇಷ್ಟ್ರೆ, ಅದನ್ನ ತೂಕ ಮಾಡಿ ಏನ್ ಮಾಡ್ತೀರಿ? ಇಳಿಸ್ಕೊಂಬರಾಕಾಗುತ್ತಾ?"

"ಏನೂ ಮಾಡಲ್ಲ ಸಾಹೇಬ್ರೆ. ಎಷ್ಟೈತೆ ಅಂತ ಗೊತ್ತಾದ್ರ ಸಾಕು."

"ಅಷ್ಟಕ್ಕ ಹದಿನಾಲ್ಕು ವರ್ಷನಾ?" ಸಾಹೇಬರು ಕೈಯ ಎಣ್ಣೆ ಒರೆಸಿಕೊಳ್ಳುತ್ತ, "ನಮ್ಮ ಅಬ್ಬಾನೂ ಹಂಗೇ ಇದ್ರು. ಹೊಳಿ ನೀರು ಎಷ್ಟ್ ಮೆಟ್ಲು ಏರ್ತು ಅಂತ ದಿನಾ ಹೋಗಿ ನೋಡ್ಕೊಂಬರೋರು. ಯಾರೂ ಕೇಳಿರಲಿಲ್ಲ. ಬರ್ರಿ, ತಾರಸಿ ನಿಮ್ದೇ ಅನ್ಕೊಳ್ರಿ" ಎಂದರು.

ಅವರ ಅಂಗಡಿಯ ಗೋಡೆಗೆ ನಮಾಜಿನ ವೇಳೆಯ ಹಾಳೆ ತೂಗುಹಾಕಿತ್ತು. ಮೇಷ್ಟ್ರು ತಾವು ಲೆಕ್ಕ ಹಾಕಿದ ಸೂರ್ಯಾಸ್ತವನ್ನು ಅದರೊಂದಿಗೆ ಹೋಲಿಸಿ, "ನಿಮ್ದು ನಂದಕ್ಕಿಂತ ಎರಡು ನಿಮಿಷ ತಡ ಐತಲ್ರಿ" ಎಂದರು. "ಅವಸರ ಬ್ಯಾಡ ಅಂತ ಎರಡು ನಿಮಿಷ ಸೇರ್ಸಿರ್ತಾರ್ರಿ" ಎಂದರು ಸಾಹೇಬರು. ಮೇಷ್ಟ್ರಿಗೆ ಆ ಉತ್ತರ ಬಹಳ ಹಿಡಿಸಿತು. ವಿಜ್ಞಾನದಲ್ಲಿ ನಾವೂ ಅದನ್ನೇ ಮಾಡಬೇಕು ಎಂದು ಬಸ್ಸಿನಲ್ಲಿ ಬರುವಾಗ ನನಗೆ ಹೇಳಿದರು.

ಈಗ ಮುಚ್ಚಳದ ವಿಚಾರ. ಬಯಲು ತಾರಸಿಯಲ್ಲಿ, ಸುತ್ತ ಮನೆಗಳಿರುವಾಗ, ಎಲ್ಲಿಂದಾದರೂ ಬೆಳಕು ಬಿದ್ದರೆ ತಕ್ಷಣ ಕೊಳವೆಯ ಬಾಯಿ ಮುಚ್ಚುವಂತಿರಬೇಕು ಎಂಬುದು ನನ್ನ ಹಾಳೆಯ ಹನ್ನೊಂದನೇ ಕಲಮು. ಒಂದು ತಗಡಿನ ಮುಚ್ಚಳ, ಅದಕ್ಕೆ ಒಂದು ದಾರ. ನಾನು ಚಿತ್ರ ಬರೆದುಕೊಂಡು ಹೋಗಿದ್ದೆ: ಮುಚ್ಚಳ ತನ್ನಷ್ಟಕ್ಕೆ ತೆರೆದೇ ಇರಬೇಕು, ದಾರ ಜಗ್ಗಿದರೆ ಮುಚ್ಚಬೇಕು.

ಸಾಹೇಬರು ಚಿತ್ರವನ್ನು ತಲೆಕೆಳಗು ಮಾಡಿ ನೋಡಿದರು. "ಸಣ್ಣ ಮೇಷ್ಟ್ರೆ, ಇದು ಉಲ್ಟಾ ಐತೆ."

"ಯಾಕ್ರಿ?"

"ದಾರ ಜಗ್ಗಿ ಹಿಡಿದ್ರ ತೆರ್ಕೊಬೇಕು. ಕೈ ಬಿಟ್ರ ಮುಚ್ಕೊಬೇಕು. ನಮ್ಮ ತಗಡೊತ್ತೋ ಪ್ರೆಸ್ಸು ನೋಡ್ರಿ, ಕಾಲು ತೆಗೆದ್ರ ನಿಲ್ತೈತೆ. ಮನ್ಷಾ ಮೈಮರೆತಾಗ ಮಷೀನು ಸುಮ್ನಾಗ್ಬೇಕು."

ನಾನು ಬಿಡಲಿಲ್ಲ. ಹದಿನೈದು ನಿಮಿಷ ದಾರ ಜಗ್ಗಿ ಹಿಡಿದಿದ್ದರೆ ಕೈ ನಡುಗುತ್ತದೆ, ಕೈ ನಡುಗಿದರೆ ಮುಚ್ಚಳ ಅಲ್ಲಾಡುತ್ತದೆ, ಮುಚ್ಚಳ ಅಲ್ಲಾಡಿದರೆ ಗೆರೆ ಹೆಚ್ಚುಕಡಿಮೆ ಬರುತ್ತದೆ, ಹಾಗೆ ಬಂದರೆ ಹದಿನಾಲ್ಕು ವರ್ಷವೂ ಅದೇ ತಪ್ಪಿನಲ್ಲಿ ಅಳೆಯಲ್ಪಡುತ್ತದೆ. ಮೇಷ್ಟ್ರು ಇಬ್ಬರ ಮುಖವನ್ನೂ ನೋಡಿದರು. ಅವರಿಗೆ ಸಾಹೇಬರ ಮಾತೇ ಸರಿಯೆನಿಸಿತ್ತೆಂದು ನನಗೆ ಈಗ ಗೊತ್ತು. ಆದರೆ ಶಿಷ್ಯನನ್ನು ಹೊರಗಿನವರ ಮುಂದೆ ಅಲ್ಲಗಳೆಯುವವರಲ್ಲ.

"ನೀನೇ ದಾರ ಹಿಡಿಯೋನು. ನಿಂಗೆ ಹೆಂಗ್ ಬೇಕೋ ಹಂಗಾಗ್ಲಿ."

"ಆತು ಬಿಡ್ರಿ" ಎಂದರು ಸಾಹೇಬರು. "ನಾನು ಹೇಳೀನಿ ಅಂತ ನೆನಪಿರ್ಲಿ."

ನೆನಪಿದೆ.

ಮೊದಲನೆಯ ಸಂಜೆ ಕಡಲತೀರದ ಸಂಸ್ಥೆಯಿಂದ ಟ್ರಂಕ್ ಕಾಲ್ ಬಂತು: ಅಲ್ಲಿ ಮೋಡ. ಎರಡನೆಯ ದಿನ ನಾನು ಮಧ್ಯಾಹ್ನವೇ ಹರಿಹರಕ್ಕೆ ಹೋದೆ, ಸಿದ್ಧತೆ ನೋಡಲು. ಸಾಹೇಬರ ತಾರಸಿಯ ಎದುರಿಗೆ, ಪಡುವಣ ಮಗ್ಗುಲಲ್ಲಿ, ಓಣಿಯ ದೀಪದ ಕಂಬವೊಂದಿತ್ತು. ಸರಿಯಾಗಿ ನಮ್ಮ ಕೊಳವೆ ನೋಡುವ ದಿಕ್ಕು. ಅದರ ಬಲ್ಬು ಕೆಟ್ಟು ತಿಂಗಳುಗಳಾಗಿದ್ದವು. ಆ ತಾರಸಿಯನ್ನು ಒಪ್ಪಿಕೊಂಡದ್ದಕ್ಕೆ ಅದೂ ಒಂದು ಕಾರಣ. ಬೇರೆ ಯಾರಾದರೂ ಆಗಿದ್ದರೆ ಸಂತೋಷಪಟ್ಟು ಸುಮ್ಮನಿರುತ್ತಿದ್ದರು. ನನಗೆ ಮಾತ್ರ, ಇಷ್ಟು ತಿಂಗಳು ಹತ್ತದ ದೀಪ ಇವತ್ತೇ ಹತ್ತಿದರೆ ಎಂಬ ಚಿಂತೆ ಹುಟ್ಟಿತು. ಕರೆಂಟ್ ಆಫೀಸಿಗೆ ಹೋದೆ.

ಮೇಜಿನ ಹಿಂದಿದ್ದವರು ತಲೆ ಎತ್ತದೆ ಕೇಳಿದರು. "ಏನ್ರಿ?"

"ಹೊಳೆ ಕಡೆ ಓಣಿಯ ಕಂಬದ ದೀಪದ ವಿಷಯ."

"ಹತ್ತಲ್ಲ."

"ಹೌದ್ರಿ, ಹತ್ತಲ್ಲ. ಅದು ಹಂಗೇ ಇರ್ಲಿ ಅಂತ ಹೇಳಾಕ ಬಂದೆ. ನಾಳೆ ಸಂಜಿ ತನಕನಾದ್ರೂ ಹತ್ತದು ಬ್ಯಾಡ."

ಈಗ ಅವರು ತಲೆ ಎತ್ತಿದರು. ನನ್ನ ಕನ್ನಡಕ, ಜೇಬಿನ ಪೆನ್ನು, ಕೈಯಲ್ಲಿದ್ದ ಪಟ್ಟಿಯ ಹಾಳೆ ಎಲ್ಲವನ್ನೂ ನೋಡಿದರು.

"ಮೇಷ್ಟ್ರೇನ್ರಿ?"

"ಹೌದ್ರಿ. ಕಾಲೇಜು."

"ಅದಕ್ಕ. ಎಲ್ರೂ ಬಂದು ಬೈದು ಹೋಗ್ತಾರ. ನೀವು ಓದ್ದೋರು, ಕುಟುಕಿ ಹೋಗ್ತೀರಿ. ಆತು ಹೋಗ್ರಿ. ನಿಮ್ ಮಾತು ತಾಗ್ತು. ನೋಡ್ಕೊಂತೀವಿ."

ನೋಡಿಕೊಳ್ಳುತ್ತೇವೆ ಎಂದರಲ್ಲ, ನನಗೆ ಅಷ್ಟೇ ಬೇಕಿತ್ತು. ಪಟ್ಟಿಯಲ್ಲಿ ದೀಪದ ಎದುರಿಗೆ ಸರಿ ಗುರುತು ಹಾಕಿಕೊಂಡು ಹೊರಬಂದೆ. ನಿಜ ಹೇಳಿದರೂ ಕೊಂಕು ಮಾತಿನಂತೆ ಕೇಳಿಸುವ ಊರಿನಲ್ಲಿ ನಿಂತಿದ್ದೇನೆಂಬುದು ಹೊಳೆಯಲಿಲ್ಲ. ಆ ಸಂಜೆ ಹರಿಹರದ ಮೇಲೆ ಮೋಡ. ಮೂರನೆಯ ದಿನ, ನಾವು ಇನ್ನೂ ದಾವಣಗೆರೆಯಲ್ಲಿರುವಾಗ, ಆ ಕಚೇರಿಯವರು ಏಣಿ ತಂದು ಕಂಬಕ್ಕೆ ನೂರು ವ್ಯಾಟಿನ ಹೊಸ ಬಲ್ಬು ಹಾಕಿ ಹೋದರು. ಅವರ ಕೆಲಸ ಅವರು ಮಾಡಿದರು. ಸಾಹೇಬರು ಲೇತಿನ ಮೇಲೆ ಬಗ್ಗಿದ್ದರಿಂದ ನೋಡಲಿಲ್ಲ.

ಮುಂದೆ ಏನಾಯಿತೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಇಟ್ಟುಕೊಂಡರೆ ನನ್ನಿಂದ ಹೇಳಲಾಗುವುದಿಲ್ಲ. ಆ ಮೂರನೆಯ ಸಂಜೆ ಟ್ಯೂಬಿನ ಕಣ್ಣು ಹೋಯಿತು. ಮರುದಿನ ಕಾಲೇಜಿನ ಕತ್ತಲ ಕೋಣೆಯಲ್ಲಿಟ್ಟು ನೋಡಿದೆವು. ಬಾಯಿ ಮುಚ್ಚಿದ್ದರೂ ಚುಕ್ಕೆ ನಲವತ್ತನೇ ಗೆರೆಯ ಮೇಲೆ ನಡುಗುತ್ತಿತ್ತು, ಏನೂ ಇಲ್ಲದ ಕಡೆ ಏನನ್ನೋ ಕಾಣುವ ಮುದುಕರಂತೆ. ಎರಡು ದಿನ ಕತ್ತಲಲ್ಲಿ ಮಲಗಿಸಿ ಮತ್ತೆ ನೋಡಿದೆವು. ಹಾಗೆಯೇ ಇತ್ತು. ಬೇರೆ ಟ್ಯೂಬು ತಂದರೆ ಮುಂದಿನ ಸಂಜೆಗಳನ್ನು ಅಳೆಯಬಹುದಿತ್ತು. ಹಿಂದಿನವುಗಳಿಗೆ ಅದು ಸಾಕ್ಷಿ ಹೇಳಲಾರದು. ನಮಗೆ ಸಿಕ್ಕ ಅಳತೆಗಳು ಮೊದಲ ಕೆಲವು ನಿಮಿಷದವು ಮಾತ್ರ, ಪದರದ ಬೆಳಕಿಗೆ ಇನ್ನೂ ಸಂಜೆಯ ಆಕಾಶದ ಬೆಳಕು ಬೆರೆತಿದ್ದ ಹೊತ್ತಿನವು. ಅವುಗಳಿಂದ ಏನನ್ನೂ ಹೇಳುವಂತಿರಲಿಲ್ಲ. ದೂರದ ಕಡಲತೀರದಲ್ಲಿ ಆ ಸಂಜೆ ಲೈಡಾರ್ ಸೊಗಸಾಗಿ ಕೆಲಸ ಮಾಡಿತಂತೆ. ಅಲ್ಲಿನವರು ಅದರ ಹಾಳೆಯ ಒಂದು ಪ್ರತಿ ಕಳಿಸಿದರು. ಅದೇ ಉಬ್ಬು.

ಮೇಷ್ಟ್ರು ಉತ್ತರ ಬರೆದು, ಅಂಚೆಗೆ ಹಾಕುವ ಮುಂಚೆ ಓದು ಎಂದು ನನ್ನ ಕೈಗೆ ಕೊಟ್ಟರು. ನಾಲ್ಕೇ ಸಾಲು. ಉಪಕರಣದ ದೋಷವಲ್ಲ, ವೀಕ್ಷಕರಿಬ್ಬರ ತಪ್ಪು ಎಂದಿತ್ತು.

"ಸರ್, ಇಬ್ಬರದು ಯಾಕೆ? ದಾರ ಹಿಡಿದಿದ್ದು ನಾನು."

"ಇಬ್ಬರದೂ ಅಪ್ಪಾ. ಅಂಟಿಸು."

ನಾನು ಅಂಟಿಸಿದೆ. ಮೂವತ್ತೊಂದನೆಯ ತಾರೀಖು ಅವರಿಗೆ ಶಾಲು ಹೊದಿಸಿದರು. ಭಾಷಣ ಮಾಡಿದವರೊಬ್ಬರು, ಇವರು ದಿನವೂ ತಾರಸಿಯ ಮೇಲೆ ನಕ್ಷತ್ರ ನೋಡುತ್ತಿದ್ದರು ಎಂದರು. ಮೇಷ್ಟ್ರು ತಿದ್ದಲಿಲ್ಲ. ಬೀಗದ ಕೈಯನ್ನು ಆಫೀಸಿಗೆ ಕೊಟ್ಟು, ಹದಿನಾಲ್ಕು ನೋಟ್‌ಬುಕ್ಕುಗಳನ್ನು ಸುತಳಿಯಿಂದ ಕಟ್ಟಿ ಸೈಕಲ್ಲಿನ ಹಿಂದೆ ಇಟ್ಟುಕೊಂಡು ಮನೆಗೆ ಹೋದರು. ಮುಂದೆ ಎಷ್ಟೋ ವರ್ಷ ನಾನು ಅವರ ಮನೆಗೆ ಹೋಗುತ್ತಿದ್ದೆ. ಮಂಡಕ್ಕಿ, ಮೆಣಸಿನಕಾಯಿ, ಚಹಾ. ಎಲ್ಲವನ್ನೂ ಮಾತಾಡುತ್ತಿದ್ದೆವು, ಆ ಸಂಜೆಯೊಂದನ್ನು ಬಿಟ್ಟು. ಒಮ್ಮೆ ಮಾತ್ರ, ಕಾಯಿಲೆ ಬಿದ್ದು ಮಲಗಿದ್ದಾಗ, "ಎಷ್ಟಿತ್ತು ಅಂತ ಗೊತ್ತಾಗ್ಲಿಲ್ಲ ನೋಡು" ಎಂದರು. ಆಮೇಲೆ ನನ್ನ ಮುಖ ನೋಡಿ, "ಇತ್ತು ಅಂತ ಗೊತ್ತೈತಲ್ಲ" ಎಂದರು. ಸಮಾಧಾನ ಯಾರಿಗೆ ಹೇಳಿದರೋ ತಿಳಿಯದು. ಅವರು ಹೋದ ಮೇಲೆ ಅವರ ಮನೆಯವರು ನೋಟ್‌ಬುಕ್ಕುಗಳನ್ನು ನನಗೆ ಕೊಟ್ಟರು. ಈಗಲೂ ನನ್ನ ಕಪಾಟಿನಲ್ಲಿವೆ. ಗೆದ್ದಲು ಹಿಡಿಯಬಹುದು ಎಂದು ವರ್ಷಕ್ಕೆರಡು ಸಲ ಬಿಸಿಲಿಗೆ ಹಾಕುತ್ತೇನೆ. ಒಂದು ಮೂಲೆಯೂ ಮುಕ್ಕಾಗಿಲ್ಲ. ಎಂಬತ್ತೆರಡು ಗೆರೆ. ಎಪ್ಪತ್ತಾರು ಗೆರೆ. ತೊಂಬತ್ತು ಗೆರೆ. ಯಾವುದರ ಬೆಲೆಯೂ ಯಾರಿಗೂ ಗೊತ್ತಿಲ್ಲ.

ಇನ್ನು ಉಳಿದಿರುವುದು ಆ ಸಂಜೆ.

ಮೂರು ಗಂಟೆಗೆ ಟ್ರಂಕ್ ಕಾಲ್ ಬಂತು: ಇಲ್ಲಿ ತಿಳಿಯಾಗಿದೆ. ಬಸ್ಸು ಕೆಡಲಿಲ್ಲ. ಕಂಡಕ್ಟರು ಪೆಟ್ಟಿಗೆಗೆ ಸೀಟು ಕೊಟ್ಟು ನನ್ನನ್ನು ನಿಲ್ಲಿಸಿದ. ಆಸಿಡ್ ಚೆಲ್ಲಲಿಲ್ಲ. ಹರಿಹರದ ಆಕಾಶ ತೊಳೆದ ತಟ್ಟೆಯಂತಿತ್ತು. ಆರು ಗಂಟೆಗೆ ಊರಿನ ಕರೆಂಟು ಹೋಯಿತು. ಆ ವರ್ಷ ದಿನವೂ ಹೋಗುತ್ತಿತ್ತು. ಏಳೂವರೆಗೆ ಮುಂಚೆ ಬಂದದ್ದಿಲ್ಲ. ಮೇಷ್ಟ್ರು ನಕ್ಕರು. "ನೋಡಪಾ, ಊರಿಗೆ ಊರೇ ನಮಗಾಗಿ ದೀಪ ಆರ್ಸೈತೆ." ನಾನು ಕಂಬದ ಕಡೆ ನೋಡಿದೆ. ತಗಡಿನ ಛತ್ರಿಯ ಕೆಳಗಿನ ಬಲ್ಬು ಹೊಸದೋ ಹಳೆಯದೋ, ಪಡುವಣದ ಬಿಸಿಲಿಗೆ ಎದುರಾಗಿ ನೋಡುತ್ತಿದ್ದ ನನಗೆ ತಿಳಿಯಲಿಲ್ಲ.

ಅಜಾನ್ ಕೇಳಿಸಿತು. ಸಾಹೇಬರು ಮಸೀದಿಗೆ ಹೋಗಿ, ನಮಾಜು ಮುಗಿಸಿ, ಲಗುಬಗೆಯಿಂದ ಮೆಟ್ಟಿಲು ಹತ್ತಿ ಬಂದರು. ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿದುಕೊಂಡರು; ಅರ್ಧ ನಿಮಿಷಕ್ಕೊಮ್ಮೆ ಹೇಳುವ ಕೆಲಸ ಅವರದು. ಮೇಷ್ಟ್ರು ಗ್ಯಾಲ್ವನೋಮೀಟರಿನ ಮುಂದೆ ಮಂಡಿಯೂರಿ, ಕೆಂಪು ಟಾರ್ಚನ್ನು ಪಕ್ಕದಲ್ಲಿಟ್ಟು, ತೊಡೆಯ ಮೇಲೆ ನೋಟ್‌ಬುಕ್ಕು ಬಿಡಿಸಿಕೊಂಡರು. ನನ್ನ ಕೆಲಸ ಒಂದೇ. ದಾರ. ಬೆರಳಿಗೆ ಸುತ್ತಿಕೊಂಡರೆ ನನ್ನ ನಡುಕ ಮುಚ್ಚಳಕ್ಕೆ ಹತ್ತುತ್ತದೆಂದು ಬಲಗೈಯ ಎರಡು ಬೆರಳ ನಡುವೆ ಸಡಿಲವಾಗಿ ಹಿಡಿದಿದ್ದೆ. ಬೆಳಕು ಕಂಡರೆ ಜಗ್ಗು. ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ: ಬೆಳಕು ಕಂಡರೆ ಜಗ್ಗು.

"ಹೂಂ" ಎಂದರು ಸಾಹೇಬರು.

"ನೂರಾ ಹನ್ನೆರಡು" ಎಂದರು ಮೇಷ್ಟ್ರು. ಪೆನ್ಸಿಲ್ ಸರಿದ ಸದ್ದು.

"ಹೂಂ."

"ನೂರಾ ನಾಲ್ಕು."

ಪಡುವಣದ ಕೆಂಪು ಕೆಳಗಿಳಿಯುತ್ತಿತ್ತು. ಹೊಳೆಯ ಕಡೆಯಿಂದ ಕಪ್ಪೆಯ ಸದ್ದು. ಗೂಡ್ಸ್ ಗಾಡಿಯೊಂದು ಸೇತುವೆ ದಾಟುವ ಸದ್ದು, ಅದೂ ನನ್ನ ಪಟ್ಟಿಯಲ್ಲಿತ್ತು, ಕಂಪನ ಎಂಬ ತಲೆಬರಹದಲ್ಲಿ, ಚುಕ್ಕೆ ಅಲ್ಲಾಡಲಿಲ್ಲ. ಮೇಲೆ, ಯಾರ ಕಣ್ಣಿಗೂ ಕಾಣದ ಎತ್ತರದಲ್ಲಿ, ನೆಲದ ನೆರಳು ಪದರದ ತಳವನ್ನು ಮುಟ್ಟುವುದರಲ್ಲಿತ್ತು. ಆಮೇಲಿನ ಏಳೆಂಟು ನಿಮಿಷಗಳಿಗಾಗಿಯೇ ನಾವು ಬಂದದ್ದು. ಮೇಷ್ಟ್ರ ದನಿ ಸಣ್ಣಗಾಗಿತ್ತು.

"ಹೂಂ."

"ತೊಂಬತ್ತೆಂಟು."

ಏಳು ಗಂಟೆ ದಾಟಿ ನಾಲ್ಕು ನಿಮಿಷಕ್ಕೆ ಕರೆಂಟು ಬಂತು. ಊರೆಲ್ಲ ಒಮ್ಮೆಲೇ. ಹಿಂದಿನ ಓಣಿಯಲ್ಲಿ ಮಕ್ಕಳು ಹೋ ಎಂದರು, ಯಾರದೋ ಮನೆಯಲ್ಲಿ ರೇಡಿಯೋ ನಡುಮಾತಿನಿಂದ ಶುರುವಾಯಿತು. ನಮ್ಮ ಎದುರಿಗೆ, ಕೊಳವೆಯ ಬಾಯಿಗೆ ನೇರವಾಗಿ, ತಿಂಗಳುಗಟ್ಟಲೆ ಸತ್ತಿದ್ದ ಕಂಬದ ಮೇಲೆ ನೂರು ವ್ಯಾಟಿನ ಬಲ್ಬು ಹತ್ತಿಕೊಂಡಿತು.

ಬೆಳಕು ಕಂಡೆ. ಅದಕ್ಕೆ ನಾನು ಸಿದ್ಧನಾಗಿದ್ದೆ. ಹನ್ನೊಂದನೇ ಕಲಮು.

"ದಾರ! ಅರೆ, ದಾರ!" ಎಂದು ಸಾಹೇಬರು ಕೂಗಿದ್ದು ಕೇಳಿಸಿತು. ಯಾರಿಗೆ ಹೇಳುತ್ತಿದ್ದಾರೆ ಎಂದುಕೊಂಡೆ. ದಾರ ತಾರಸಿಯ ನೆಲದ ಮೇಲೆ ಬಿದ್ದಿತ್ತು. ಮುಚ್ಚಳ, ನಾನು ಹೇಳಿ ಮಾಡಿಸಿದಂತೆ, ಪೂರ್ತಿ ತೆರೆದು ನಿಂತಿತ್ತು. ನನ್ನ ಎರಡೂ ಕೈ ಎದೆಯ ಮುಂದೆ ಸೇರಿದ್ದವು. ಮುಸ್ಸಂಜೆ ದೀಪ ಹತ್ತಿದರೆ ಕೈ ಮುಗಿಯಬೇಕೆಂದು ನಮ್ಮವ್ವ ನನ್ನ ಕೈ ಹಿಡಿದು ಕಲಿಸಿದ ಹಾಗೇ, ಬಲ್ಬಿಗೆ ಕೈ ಮುಗಿದು ನಿಂತಿದ್ದೆ.

ಮೇಷ್ಟ್ರ ಕಡೆ ತಿರುಗಿದೆ. ಮಾಪಕದ ಮೇಲೆ ಚುಕ್ಕೆ ಇರಲಿಲ್ಲ. ಅವರು ಮಂಡಿಯೂರಿದಲ್ಲೇ, ಮುಖ ಬೆಳಕಿನ ಕಡೆ ಎತ್ತಿ, ಕೈ ಮುಗಿದಿದ್ದರು. ಎರಡು ಅಂಗೈಗಳ ನಡುವೆ ಪೆನ್ಸಿಲ್ ಸಿಕ್ಕಿಕೊಂಡಿತ್ತು.